ಚಾಕ್ಕ ಅರ್ಧ ತಾಸು ಮೊದಲ

ಶಹಾಬಾದದಾಗ ಎಪ್ರಿಲ್ ಅಂದ್ರ
ಕಲ್ಲಿನ ಖಣಿ ಹಂಚು ಕಾದಂಗ ಕಾಯತಾವ.
ಆಗ ನಾ ಸ್ವೆಟರ್ ಹಾಕ್ಕೊಂಡು ಕುಂತಿದ್ದೆ,
ಪಂಖಾ ಬಂದ್ ಮಾಡ್ರಿ ಅಂತಿದ್ದೆ.
ಗಂಡ ನಕ್ಕ. ಬಾಜು ಮನಿ ರುಕ್ಮಾಬಾಯಿ ನಗಲಿಲ್ಲ,
ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗಿ ಹಾಕಿದಳು,
ಘಾಟು ಬರಲಿಲ್ಲಂದ್ರ ದೃಷ್ಟಿ ಖರೆ ಅಂದಳು.
ಘಾಟು ಬಂದಿತ್ತು.
ಯಾರೂ ಹೇಳಲಿಲ್ಲ.

ಕೂಸಿಗಿ ನಾಕು ತಿಂಗಳು.
ಬಾಚಣಿಕಿ ತುಂಬ ಕೂದಲ.
ಕೂಸು ಅತ್ರ, ಬಾವಿ ಆಚಿ ದಂಡಿಗಿ
ಯಾರದೋ ಕೂಸು ಅತ್ತಂಗ ಕೇಳತಿತ್ತು.
ಏಳಬೇಕು ಅನ್ನೂದು ಒಂದು ಮಾತು,
ಏಳೂದು ಇನ್ನೊಂದು ಊರು.

ಬಸಿರಿದ್ದಾಗ ಗುಳಗಿ ಇತ್ತು,
ಬಿಳಿದು, ಅಂಗಿ ಗುಂಡಿಗಿಂತ ಸಣ್ಣದು.
ತಸ್ನೀಮ್ ಡಾಕ್ಟರಮ್ಮ ಕುತ್ತಿಗಿ ಮುಟ್ಟಿ
ನೀರು ನುಂಗಿಸಿ ನೋಡಿ ಬರದಿದ್ದರು:
ಖಾಲಿ ಹೊಟ್ಟಿ. ಚಾಕ್ಕ ಅರ್ಧ ತಾಸು ಮೊದಲ.
ಕಬ್ಬಿಣದ ಗುಳಗಿ ಸಂಜೀಗಿ, ಕೂಡಿಸಬ್ಯಾಡ.
"ಇದು ನಿನಗೊಬ್ಬಾಕಿಗಲ್ಲ.
ಮೊದಲ ಮೂರು ತಿಂಗಳು ಒಳಗಿನ ಕೂಸಿಗಿ
ತನ್ನದಂತ ಥೈರಾಯ್ಡ್ ಕೆಲಸ ಮಾಡಂಗಿಲ್ಲ,
ನಿನ್ನದರಾಗ ಕಡ ತಗೋತದ."
ಕಡ ಅಂದ ಮ್ಯಾಲ ಒಂದು ದಿನಾನೂ ತಪ್ಪಿಸಲಿಲ್ಲ ನಾ.

ಹಡದ ಮ್ಯಾಲ ನಿಲ್ಲಿಸಿದರು.
"ಆರು ವಾರಕ್ಕ ಮತ್ತ ರಕ್ತ ತೋರಿಸು."
ಆರನೇ ವಾರ ನಾ ಕಾಳಗಿದಾಗ, ತವರಮನಿಯಾಗ,
ಕೌದಿ, ಅಗ್ಗಿಷ್ಟಿಗಿ, ಅಂಟಿನುಂಡಿ ನಡುವ ಇದ್ದೆ.
ಡಾಕ್ಟರ ಚೀಟಿ
ತೊಟ್ಟಿಲ ಕಾಲು ಕುಲುಕದಂಗ
ಮಡಚಿ ಕೆಳಗ ಇಟ್ಟಿದ್ರು.

ಬಂದು ಹೋಗೋರು ಮೈಗಳ್ಳಿ ಅಂದ್ರು.
ಅತ್ತಿ ಸೂಗಮ್ಮ ಏನೂ ಅನಲಿಲ್ಲ.
ಒಂದು ರಾತ್ರಿ ನನ್ನ ಪಾದ ಹಿಡದು ನೋಡಿದಳು,
ಥಣ್ಣಗ, ಚಳಿಗಾಲದ ಫರಸಿ ಹಂಗ.
"ನನಗೂ ಹಿಂಗ ಆಗಿತ್ತವ್ವಾ, ನಿನ್ನ ಗಂಡ ಹುಟ್ಟಿದಾಗ.
ನಮ್ಮತ್ತಿ ಅಂತಿದ್ದಳು,
ಎಮ್ಮಿ ಸೈತ ಈದ ಮರುದಿನ ಮೇಯಾಕ ಹೋಗತಾವ."
ಅಷ್ಟ. ಮುಂದ ಹೇಳಲಿಲ್ಲ.
ಸೆರಗ ಕುತ್ತಿಗಿಗಿ ಎಳಕೊಂಡಳು.
ಮೂರು ವರ್ಷದಾಗ ಆ ಸೆರಗ ಸರಿದದ್ದು ನಾ ನೋಡಿಲ್ಲ.

ಮರುದಿನ ಮುಜೀಬನ ಲ್ಯಾಬಿನಾಗ
ಸೂಜಿಗಿ ಕೈ ಚಾಚಿದಾಕಿ ನಾ,
"ಇವರದೂ ತಗೋರಿ" ಅಂದೆ.
ಅಕಿ ನಾಚಿದಳು, ಯಾರೋ ವಯಸ್ಸು ಕೇಳಿದಂಗ.
ಸೆರಗ ಸರೀತು.
ಗಂಟಲ ಕೆಳಗ ಗುಬ್ಬಿಮರಿಯಷ್ಟು ಬಾವು,
ಉಗುಳು ನುಂಗಿದ್ರ ಏರತದ, ಇಳೀತದ.
ಮೂವತ್ತೊಂದು ವರ್ಷ ಕಾವು ಕೊಟ್ಟು ಮುಚ್ಚಿಟ್ಟದ್ದು.

ನಂಬರ್ ಬಂದ್ವು. ನನ್ನದು ಹದಿನೆಂಟು.
ಅತ್ತಿದು
ಮುಜೀಬ ಎರಡು ಸಲ ಮಷೀನಿಗಿ ಹಾಕಿದ.

ಈಗ ಮುಂಜಾನಿ, ಸೋಲಾಪುರದ ಗಾಡಿ ದಾಟೂದರಾಗ
ಎರಡು ಗುಳಗಿ, ಎರಡು ವಾಟಿ ನೀರು.
ಆಮ್ಯಾಲ ಚಾ ಇಲ್ಲ, ಒಲಿ ಇಲ್ಲ.
ಕೂಸು ಅಕಿ ತೊಡಿ ಮ್ಯಾಲ, ಕಾಲು ನನ್ನ ಕಡಿ.
ಈ ಮನಿಯಾಗ ಹೆಂಗಸರು ಸುಮ್ಕ ಕುಂಡ್ರೂದು
ಡಾಕ್ಟರ್ ಬರದುಕೊಟ್ಟ ಮ್ಯಾಲ ಬಂದದ್ದು.

ಹಾಸಿಗಿಂದ ಗಂಡ ಕೇಳತಾನ, "ಚಾ ಆಯ್ತೇನು?"
"ಇನ್ನೂ ಹನ್ನೆರಡು ನಿಮಿಷ ಅದ"
ಅಂತಾಳ ಅತ್ತಿ,
ಗಡಿಯಾರ ನೋಡಾಕ ಬರದಾಕಿ.