ನಲವತ್ತೆಂಟು ಹಲ್ಲು

ಲೊಮ್ಮೆಲ್ ಊರಿನ ಮರಳು ಕೈಗೆ ಜರಡಿ ಹಿಡಿದ ಹಿಟ್ಟು,
ಚೈನಿನ ಸಂದಿಗೆ ಅರ.
ಇಪ್ಪತ್ತೊಂದು ವರ್ಷ ಈ ಕೌಂಟರಿನ ಹಿಂದೆ ನಿಂತು
ಬಂದವರಿಗೆಲ್ಲ ಅದನ್ನೇ ಹೇಳಿದ್ದೇನೆ:
ಹಿಂಗಾಲಿಯ ಸ್ಪ್ರಾಕೆಟ್ಟೂ ಉಕ್ಕಿನದೇ ಇರಲಿ.

ಲೀವೆನ್ ಮಾತ್ರ ಎರಡನ್ನೂ ತೆಗೆಸಿದ.
ಎಪ್ಪತ್ತಮೂರರ ಚೆಕ್ ಗಾಡಿ ಅವನದು,
ಅವನಿಗಿಂತ ಇಪ್ಪತ್ತನಾಲ್ಕು ವರ್ಷ ಚಿಕ್ಕದು.
ಉಕ್ಕಿನ ಚಕ್ರ ಬೆರಳಿಗೆ ತೂಗುಹಾಕಿ
ಇನ್ನೊಂದು ಕೈಯ ಗೆಣ್ಣಿನಿಂದ ಬಡಿದ: ಠಣ್ಣ್,
ನಿಲ್ಲಲು ಹೊತ್ತು ಹಿಡಿಯಿತು.
ಅಲ್ಯುಮಿನಿಯಂ: ಟಕ್. ಅಷ್ಟೇ.

‘ಇದು ಆರು ರೇಸು ಬಂದರೆ ಹೆಚ್ಚು’ ಅಂದೆ.
‘ಅದಾದರೆ ನಿನ್ನನ್ನೂ ಮೀರಿ—’
ನಾಲಿಗೆ ಕಚ್ಚಿಕೊಂಡೆ.

ಅವನಿಗೆ ನಗು. ಕಟ್ಟಿಸಿದ ಹಲ್ಲು, ಮೇಲಿನ ಸಾಲು ಪೂರ್ತಿ.
‘ಗಣಿಯಲ್ಲಿದ್ದಾಗ ಬಾಯಲ್ಲಿ ಹಲ್ಲಿತ್ತು,
ಹೊಸ ಚಕ್ರಕ್ಕೆ ದುಡ್ಡಿರಲಿಲ್ಲ.
ಸವೆದದ್ದನ್ನೇ ಮಗುಚಿ ಹಾಕಿ ಓಡಿಸಿದೆ.
ಈಗ ಪಿಂಚಣಿ ಬರುತ್ತೆ. ಹಗುರವಾದ್ದು ಕೊಡು.
ಮಿಕ್ಕ ಉಕ್ಕು ಯಾರ ಪಾಲಿಗೆ?’

ಮುಂದಿನ ಪುಟ್ಟದಾದರೂ ಉಕ್ಕಿರಲಿ ಅಂದೆ.
ಅದಕ್ಕೆ ಒಪ್ಪಿದ. ಚಿಕ್ಕದಕ್ಕೇ ಸುತ್ತು ಹೆಚ್ಚು,
ಗಣಿಯಲ್ಲಿದ್ದವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.
ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಅಕ್ಟೋಬರ್. ಬಾಗಿಲ ಗಂಟೆ.
ಕೌಂಟರಿನ ಮೇಲೆ ನಲವತ್ತೆಂಟು ಹಲ್ಲು,
ಎಲ್ಲವೂ ಒಂದೇ ಕಡೆಗೆ ಬಾಗಿ,
ಗಾಳಿಗೆ ಸಿಕ್ಕ ಜೊಂಡು.
ಬೋಲ್ಟಿನ ತೂತುಗಳಲ್ಲಿ ಇನ್ನೂ ಹಸಿ ಮರಳು.

‘ಇಂಥದೇ ಇನ್ನೊಂದು’ ಎಂದ ಲೀವೆನ್.
ಬೆಲೆ ನಾಲ್ಕು ಯೂರೋ ಏರಿದೆ ಎಂದದ್ದಕ್ಕೆ
ಅರ್ಧ ಗಂಟೆ ಬೈದ.