ಆಟಕ್ಕುಂಟು

ಎರಡರಿಂದ ಮೂರು. ಒಂದೇ ಗಂಟೆ.
ಅಡುಗೆಮನೆಯ ಕಿಟಕಿಗೆ ಎರಡು ಕುರ್ಚಿ,
ಮೊಣಕಾಲ ಮೇಲೆ ಒಂದೇ ಕಂಬಳಿ,
ನನಗೊಂದು ಪೆನ್ಸಿಲು, ಅವಳಿಗೊಂದು ಪೆನ್ಸಿಲು,
ಅಳಿಸುವ ರಬ್ಬರು ಮಾತ್ರ ಅವಳ ಕೈಲಿ.

ಬೇಲಿಯ ನೆರಳಲ್ಲಿ ಬೆಳಗಿನ ಹಿಮ ಇನ್ನೂ ಕರಗಿಲ್ಲ.
ಜೂನ್ ಕೊನೆಗೆ ಟಿಮರುವಿನ ಸೂರ್ಯ
ಕೂರಲೊಲ್ಲದ ನೆಂಟ,
ಬಾಗಿಲಲ್ಲೇ ಎರಡು ಮಾತಾಡಿ ಹೊರಟುಬಿಡುತ್ತಾನೆ.

ನಾನು ಲೆಕ್ಕದವನು.
ಮೂವತ್ತೊಂದು ವರ್ಷ ಮಾಂಸದ ಕಾರ್ಖಾನೆಯಲ್ಲಿ
ಸರಪಳಿಗೆ ತೂಗಿ ಸಾಗುವ ಕುರಿ ಎಣಿಸಿದವನು.
ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ.
ಒಮ್ಮೆ ದಾಟಿದ್ದು ಮತ್ತೆ ಬರುತ್ತಿರಲಿಲ್ಲ;
ಆ ಕೆಲಸದ ಸುಖ ಅದೊಂದೇ.

ಇವು ಬರುತ್ತವೆ.

ಅರ್ಧ ಕಿತ್ತಳೆಯ ಬಟ್ಟಲಿಗೆ ಕುರಿಕೊಬ್ಬು ಕಾಸಿ ಹೊಯ್ದು
ಫೈಜೋವಾ ಗಿಡಕ್ಕೆ ಕಟ್ಟಿದ್ದೆವು.
ಮೊದಲು ನಾಲ್ಕು ಬಿಳಿಗಣ್ಣ,
ಕಣ್ಣಸುತ್ತ ಸುಣ್ಣದ ಉಂಗುರ. ಗೀಟೆಳೆದೆ.
ಹಾರಿದವು. ಏಳು ಬಂದವು. ಗೀಟೆಳೆದೆ.
ಆಮೇಲೆ ಮೂರು. "ಹದಿನಾಲ್ಕು" ಅಂದೆ.

"ಏಳು" ಅಂದಳು ವೈಮಾರೀ,
ಒಂಬತ್ತರ ಪೋರಿ, ಮುಂದಿನ ಹಲ್ಲು ಅರ್ಧ ಬಂದಿದೆ.
"ಕೂಡಿಸೋ ಹಾಗಿಲ್ಲ ಅಜ್ಜ.
ಒಟ್ಟಿಗೆ ಕಂಡದ್ದಷ್ಟೇ ಲೆಕ್ಕ.
ಹೋದದ್ದೇ ತಿರುಗಿ ಬಂದಿದ್ದರೆ?"
ನನ್ನ ಏಳು ಗೀಟು ಉಜ್ಜಿ ತೆಗೆದಳು.
ಗುರುತು ಉಳಿಯಿತು. ನನ್ನ ಕೈ ಭಾರ.

ಇದಕ್ಕೆ ಅವಳಪ್ಪನ ಮಾತಲ್ಲಿ ಟೌಹೋ ಅಂತ ಹೆಸರು,
ಟೌಹೋ ಅಂದರೆ ಹೊಸಬ.
ಕಡಲು ದಾಟಿ ಬಂದು ನೂರೈವತ್ತು ವರ್ಷ ಮೀರಿತು,
ಇನ್ನೂ ಹೊಸಬನಂತೆ.
ನನ್ನಜ್ಜನ ಅಜ್ಜ ಹಡಗಿಳಿದದ್ದೂ ಆಸುಪಾಸಿನಲ್ಲೇ.
ಹಾಗಾದರೆ ನೀನು ಯಾರು ಅಂತ ಮಗು ಕೇಳಲಿಲ್ಲ.
ನಾನೂ ಬಟ್ಟಲು ಕಡೆ ನೋಡುತ್ತ ಕೂತೆ.

ಗುಬ್ಬಿಗಳದು ಬೇರೆ ಪಂಚಾಯ್ತಿ.
ಬೇಲಿಯೊಳಗೆ ಗಲಾಟೆ ಕೇಳುತ್ತದೆ, ಮುಖ ಕಾಣದು.
"ಕೇಳಿದ್ದು ಲೆಕ್ಕಕ್ಕೆ ಬರುತ್ತಾ?"
"ಕಂಡರೆ ಸರಿ."
ಕಾದೆವು. ಟ್ರೆಂಬತ್ ಮನೆಯ ಕೆಂಚು ಬೆಕ್ಕು
ಬೇಲಿಯ ಮೇಲೆ ಮೆರವಣಿಗೆ ಹೊರಟಿತು.
ಬುರ್ರೆಂದು ಒಂದೇ ಸಲ ಎದ್ದವು, ಇಪ್ಪತ್ತೆರಡು.
ಅವಳಿಗೂ ಇಪ್ಪತ್ತೆರಡು! ಕೈ ಕೈ ತಟ್ಟಿದೆವು.
ಆಮೇಲೆ ಏಳು ನಿಮಿಷ ಖಾಲಿ ಹುಲ್ಲು.
ಬೆಕ್ಕಿಗೆ ಕಾಲಮ್ಮಿಲ್ಲ.

ಫಾರಮ್ಮು ಕೇಳದಿದ್ದರೂ ಅವಳು ಅಂಚಿನಲ್ಲಿ ಬರೆದಳು:
ಟೂಯಿ, ಸೊನ್ನೆ.
"ಇಲ್ಲದ್ದನ್ನ ಯಾಕೆ ಬರೀತೀ?"
"ಹೋದ್ಸಲ ಎರಡಿತ್ತಲ್ಲ."
ದುಂಡಗೆ, ನಿಧಾನವಾಗಿ ಬರೆದಳು, ಬಳೆ ಬಿಡಿಸುವ ಹಾಗೆ.
ನಾನು ಕೊನೆಯ ಸಲ ಸೊನ್ನೆ ಬರೆದದ್ದು
ಕಾರ್ಖಾನೆಯ ಗೇಟು ಮುಚ್ಚಿದ ದಿನ.
ಸರಪಳಿ ಆವತ್ತೂ ತಿರುಗುತ್ತಿತ್ತು,
ಯಾರೋ ನಿಲ್ಲಿಸಲು ಮರೆತಿದ್ದರು.

ಮೊಟ್ಟೆ ಬೇಯಿಸುವ ಗಡಿಯಾರ ಗಿರ್ರೆಂದಿತು.
ಮೂರು. ಪೆನ್ಸಿಲು ಕೆಳಗಿಟ್ಟಳು.
ಸಹಿ ಹಾಕಿದಳು, ನನ್ನ ಹೆಸರನ್ನೂ ತಾನೇ ಬರೆದಳು.

ಆಗ ಬಂತು ಥ್ರಶ್ಶು.
ಎದೆ ತುಂಬ ಚುಕ್ಕಿ, ಶಾಯಿ ಕೊಡವಿದ ಹಾಗೆ,
ಕೊಕ್ಕಲ್ಲಿ ಬಸವನಹುಳು.
ನಮ್ಮ ಹಿತ್ತಿಲ ಮೆಟ್ಟಿಲಿಗೇ ಬಂದು
ಚಿಪ್ಪನ್ನು ಬಡಿಯಿತು. ಟಕ್. ಟಕ್.
ಇಡೀ ಗಂಟೆ ಎಲ್ಲಿತ್ತೋ ಮಹರಾಯ್ತಿ!

ನನ್ನ ಕೈ ಪೆನ್ಸಿಲಿಗೆ ಹೋಯಿತು.
ಅವಳು ನೋಡಿದಳು. ಕೈ ಕಂಬಳಿಗೆ ಬಂತು.
"ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂದೆ.
"ಆಟ ನೋಡೋಣ" ಅಂದಳು.

ಒಳಗಿನಿಂದ ಐಲ್ಸಾ ಕೂಗಿದಳು, ಎಷ್ಟಾಯ್ತು?
ಇಬ್ಬರೂ ಉತ್ತರ ಕೊಡಲಿಲ್ಲ.
ಟಕ್.
ಮೆಟ್ಟಿಲ ಮೇಲೆ ಕಂದು ಚೂರು, ಬಿಸಿಲಿಗೆ ಒಂದೆರಡು ಹೊಳೆದವು.
"ಗುಡಿಸಬೇಡ" ಅಂತ ಪಿಸುಗುಟ್ಟಿದಳು.
ಪೊರಕೆ ಇನ್ನೂ ಬಾಗಿಲ ಹಿಂದೇ ಇದೆ.