ನಾಲೆಯ ಪದಕ

ಆಗಸ್ಟ್ ಹತ್ತರಿಂದ ಹದಿನಾಲ್ಕರ ತನಕ
ಲಷ್ಕರ್ ಮೊಹಲ್ಲಾದ ನಮ್ಮ ಪಿಸ್ಸೆ ಟೈಲರ್ಸಿನಲ್ಲಿ
ರವಿಕೆ, ಯೂನಿಫಾರಂ ಚಡ್ಡಿ ಎಲ್ಲ ಬದಿಗೆ.
ಮಾಜಿ ಸೈನಿಕರ ಕೋಟುಗಳು ಬರುತ್ತವೆ
ನುಸಿಗುಳಿಗೆ ವಾಸನೆ ಹೊತ್ತು,
ಹೊಟ್ಟೆಯ ಹತ್ತಿರ ವರ್ಷಕ್ಕೊಂದು ಅಂಗುಲ ಬಿಡಿಸಿಕೊಳ್ಳಲು.

ಪದಕ ಹೊಲಿಯುವುದು ಅಪ್ಪ ಕಲಿಸಿದ್ದು:
ಎಡ ಎದೆ, ಜೇಬಿನ ಮೇಲೆ, ಸಾಲು ಸೊಟ್ಟಗಾಗಕೂಡದು.
ರಿಬ್ಬನ್ನಿನ ಬಣ್ಣ ನೋಡಿಯೇ ಹೇಳಬಲ್ಲೆ
ಯಾವ ಗಡಿ, ಯಾವ ಹಿಮ, ಎಷ್ಟು ವರ್ಷ.

ಇದು ಮಾತ್ರ ತಿಳಿಯಲಿಲ್ಲ.
ತಂದವನು ಮಂಡ್ಯದ ಕಡೆಯ ಬೋರಲಿಂಗ,
ಪಲ್ಟನ್ನಿನಲ್ಲಿ ಅಡುಗೆಯವನಾಗಿದ್ದನಂತೆ.
‘ಯಾವ ಯುದ್ಧ?’ ಅಂದೆ, ಹಲ್ಲಲ್ಲಿ ಸೂಜಿ ಕಚ್ಚಿಕೊಂಡು.
‘ಯುದ್ಧ ಎಲ್ಬಂತಣ್ಣ. ನಾಲೆ.’

ಬೆಂಚಿನ ಮೇಲೆ ಸುಬೇದಾರ್ ಉತ್ತಯ್ಯ
ಪೇಪರು ಮಡಚಿದರು.

ರಜೆಗೆ ಬಂದಿದ್ದ. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ
ಓಮ್ನಿಯೊಂದು ಏರಿ ಇಳಿದು ನೀರಿಗೆ.
ತಡೆಗೋಡೆ ಇರಬೇಕಾದಲ್ಲಿ ಸುಣ್ಣ ಬಳಿದ ಎರಡು ಕಲ್ಲು.
‘ಸ್ಟ್ಯಾಂಡ್ ಹಾಕೋಕೂ ಹೊತ್ತಿರಲಿಲ್ಲ,
ಬೈಕೂ ನನ್ನ ಹಿಂದೇನೇ ಬಿತ್ತು.
ಅದರ ಕಂತು ಇನ್ನೂ ಕಟ್ತಾ ಇವ್ನಿ.’

ಅವನೇ ನಕ್ಕ. ಸನ್ಮಾನಪತ್ರ ಬಿಡಿಸಿ ತೋರಿಸಿದ:
ಸ್ವಂತ ಪ್ರಾಣದ ಹಂಗು ತೊರೆದು, ಮೂವರನ್ನು—
‘ಹಂಗೂ ಇಲ್ಲ ಪಂಗೂ ಇಲ್ಲ.
ಈಜು ಕಲ್ತಿದ್ದೇ ಆ ತೂಬಿನ ಹತ್ರ, ಅಪ್ಪನ ಕೈಲಿ ಏಟು ತಿಂದು.
ಕಾಲು ತಾನೇ ಹೋಯ್ತು.’

ಆಮೇಲೆ ಕೋಟಿನ ಗುಂಡಿಯೊಂದನ್ನು ತಿರುಗಿಸುತ್ತ,
‘ವ್ಯಾನಲ್ಲಿ ನಾಕು ಜನ ಇದ್ರು.’

ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹುಟ್ಟಿದವನು ನಾನು,
ಕಳೆಯುವ ಲೆಕ್ಕ ಬೇಗ ಬರುತ್ತದೆ.
ಉತ್ತಯ್ಯ ಬೆಂಚಿನಲ್ಲಿ ಒತ್ತಾಗಿ ಸರಿದು
ಪಕ್ಕದಲ್ಲಿ ಜಾಗ ಮಾಡಿದರು.

‘ಗಟ್ಟಿ ಹೊಲೀಬೇಡ ಅಣ್ಣ, ಒಂದು ಪಿನ್ನು ಸಾಕು.
ಊರಿಗೆ ಏರಿ ಮೇಲೇ ಹೋಗಬೇಕು.
ಆ ಮಗೀನ ಅವ್ವ ಅಲ್ಲೇ ಹುಲ್ಲು ಕುಯ್ತಾ ಇರ್ತಾಳೆ.
ಕಂಡ್ರೆ ಊಟ ಆಯ್ತಾ ಅಂತ ಕೇಳ್ತಾಳೆ.
ಅಷ್ಟೇ ಕೇಳೋದು.’

ಪಿನ್ನು ಬೇಡವೆನಿಸಿತು; ಬೆವರಿಗೆ ತುಕ್ಕು ಹಿಡಿಯುತ್ತದೆ.
ರವಿಕೆಯ ಡಬ್ಬಿಯಿಂದ ಎರಡು ಹುಕ್ಕು ತೆಗೆದೆ.
ಗಾಡಿ ಓಡಿಸುತ್ತಲೇ
ಒಂದು ಕೈಯಲ್ಲಿ ಬಿಚ್ಚಿಕೊಳ್ಳಬಹುದು.
ಹದಿನೈದು ರೂಪಾಯಿ ಅಂದೆ. ಕೊಟ್ಟ. ತೆಗೆದುಕೊಂಡೆ.

ಅವನು ಹೋದ ಮೇಲೆ ಬಹಳ ಹೊತ್ತು
ಮೆಷಿನ್ನಿನ ಸದ್ದು ಮಾತ್ರ.
ಉತ್ತಯ್ಯ ಎದ್ದು ಬಂದು, ತಮ್ಮ ಕೋಟಿನ ಸಾಲಿನಲ್ಲಿ
ಎಲ್ಲಕ್ಕಿಂತ ದೊಡ್ಡದರ ಮೇಲೆ ಬೆರಳಿಟ್ಟರು.
‘ಇದಕ್ಕೂ ಹುಕ್ಕು ಹಾಕು, ಪಿಸ್ಸೆ.’